ಸಾಲಕ್ಕೆ ಸಿಕ್ಕ ನಗರಸಭೆಗೆ ಕಾವಲು: ಕೂಲಿ ಯಾರ ಲೆಕ್ಕಕ್ಕೆ?

ಸಾಲದಲ್ಲಿ ಮುಳುಗಿದ ಮನೆಗೆ ಊರಿನ ಹಿರಿಯರು ಬಂದು ಲೆಕ್ಕ ನೋಡುವುದು ಹೊಸ ಸಂಗತಿಯೇನಲ್ಲ. ಆದರೆ ಬಂದ ಹಿರಿಯರ ದಿನಗೂಲಿಯನ್ನೂ ಆ ಸಾಲಗಾರನೇ ಕೊಡಬೇಕೆಂದರೆ? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ನಗರದಲ್ಲಿ ಆದದ್ದು ಬಹುತೇಕ ಇದೇ.

2023ರ ಸೆಪ್ಟೆಂಬರ್ 5ರಂದು ಬರ್ಮಿಂಗ್‌ಹ್ಯಾಂ ನಗರಸಭೆ ತನ್ನ ಆದಾಯದಲ್ಲಿ ಖರ್ಚು ನೀಗದು ಎಂದು ಕಾನೂನು ಪ್ರಕಾರ ನೋಟೀಸು ಹೊರಡಿಸಿತು. ಕಾರಣಗಳು ಹಲವು. ಗಂಡಸರು ಹೆಚ್ಚಾಗಿದ್ದ ಕಸ ವಿಲೇವಾರಿಯಂಥ ಕೆಲಸಗಳಿಗೆ ಸಿಕ್ಕಿದ ಬೋನಸು ಅದೇ ದರ್ಜೆಯ ಮಹಿಳಾ ನೌಕರರಿಗೆ ಸಿಗಲಿಲ್ಲವೆಂಬ ಸಮಾನ ವೇತನದ ದಾವೆಗಳ ಹೊರೆಯನ್ನು ಆಗ 65ರಿಂದ 76 ಕೋಟಿ ಪೌಂಡ್ ಎಂದು ಅಂದಾಜಿಸಲಾಗಿತ್ತು. ಈ ಅಂದಾಜು ಅತಿಯಾಯಿತೆಂಬ ವಾದ ಅನಂತರ ಬಂತು, ಅದು ಬೇರೆ ಮಾತು. ಹೊಸ ಕಂಪ್ಯೂಟರ್ ವ್ಯವಸ್ಥೆಯೊಂದು ಮೊದಲು ಹಾಕಿದ ಲೆಕ್ಕ ಮೀರಿ 10 ಕೋಟಿ ಪೌಂಡಿನ ಆಸುಪಾಸಿಗೆ ಏರಿತ್ತು. 2010ರ ನಂತರ ಲಂಡನ್ನಿನಿಂದ ಬರುವ ಅನುದಾನವೂ ವರ್ಷ ವರ್ಷ ಇಳಿಯುತ್ತಿತ್ತು.

ಕೇಂದ್ರ ಸರಕಾರ ಅದೇ ಅಕ್ಟೋಬರಿನಲ್ಲಿ ಐದು ವರ್ಷಗಳ ಅವಧಿಯ ಆದೇಶದೊಂದಿಗೆ ಕಮಿಷನರುಗಳ ತಂಡವನ್ನು ಕಳುಹಿಸಿತು. ಮುಖ್ಯಸ್ಥರಿಗೆ ದಿನಕ್ಕೆ 1,200 ಪೌಂಡ್, ಉಳಿದವರಿಗೆ 1,100 ಪೌಂಡ್, ಖರ್ಚುವೆಚ್ಚ ಪ್ರತ್ಯೇಕ. ಎಲ್ಲವನ್ನೂ ಕೊಡಬೇಕಾದದ್ದು ಬರ್ಮಿಂಗ್‌ಹ್ಯಾಂ ನಗರಸಭೆ. ಮುಖ್ಯಸ್ಥರು ವರ್ಷಕ್ಕೆ ನೂರು ದಿನ ಕೆಲಸ ಮಾಡಿದರೂ ಅವರೊಬ್ಬರ ಬಾಬ್ತೇ 1,20,000 ಪೌಂಡ್. ಕೋಟಿಗಳ ಸಾಲದ ಮುಂದೆ ಇದು ಚಿಲ್ಲರೆ ಎನ್ನಬಹುದು. ಆದರೆ 2024ರಲ್ಲಿ ಶೇ. 10ರಷ್ಟು, 2025ರಲ್ಲಿ ಶೇ. 7.5ರಷ್ಟು ಹೆಚ್ಚು ಮನೆ ತೆರಿಗೆ ಕಟ್ಟಿ, ಗ್ರಂಥಾಲಯದ ಬಾಗಿಲು ವಾರದಲ್ಲಿ ಕೆಲವೇ ದಿನ ತೆರೆಯುವುದನ್ನು ನೋಡುವ ಪ್ರಜೆಗೆ ಅದು ಚಿಲ್ಲರೆಯಾಗಿ ಕಾಣುವುದಿಲ್ಲ.

ಮುಂಬಯಿಯ ವಾಚಕರಿಗೆ ಈ ಏರ್ಪಾಡು ಅಪರಿಚಿತವೇನೂ ಅಲ್ಲ. ಹೌಸಿಂಗ್ ಸೊಸೈಟಿಯ ಕಮಿಟಿ ಕುಸಿದಾಗ ರಿಜಿಸ್ಟ್ರಾರರು ಕಳುಹಿಸುವ ಆಡಳಿತಾಧಿಕಾರಿಯ ಸಂಭಾವನೆ ಸದಸ್ಯರ ಮೆಂಟೆನೆನ್ಸ್ ಹಣದಿಂದಲೇ ಹೋಗುತ್ತದೆ. ಪಾಲಿಕೆಯ ಕಮಿಷನರರ ವಿಷಯದಲ್ಲಿ 1888ರ ಮುಂಬಯಿ ಪಾಲಿಕೆ ಕಾಯ್ದೆಯ ರೀತಿಯೂ ಇದೇ: ನೇಮಿಸುವುದು ರಾಜ್ಯ ಸರಕಾರ, ಸಂಬಳ ಪಾಲಿಕೆಯ ನಿಧಿಯಿಂದ. ಕಳುಹಿಸಿದವರ ಜೇಬಿಗೆ ಕತ್ತರಿ ಬೀಳದಿದ್ದರೆ 'ಇನ್ನೆಷ್ಟು ದಿನ?' ಎಂದು ಕೇಳುವ ಅವಸರವೂ ಅವರಿಗೆ ಇರುವುದಿಲ್ಲ.

ಅಮೆರಿಕದ ಮಿಶಿಗನ್ ರಾಜ್ಯ ಇನ್ನೊಂದು ದಾರಿ ಹಿಡಿಯಿತು. ಅಲ್ಲಿನ 2012ರ ಕಾಯ್ದೆಯಂತೆ ತುರ್ತು ವ್ಯವಸ್ಥಾಪಕನ ಸಂಬಳ ರಾಜ್ಯದ್ದು. 2013ರ ಜುಲೈಯಲ್ಲಿ ಸುಮಾರು 1,800 ಕೋಟಿ ಡಾಲರ್ ಹೊರೆಯೊಂದಿಗೆ ದಿವಾಳಿ ಅರ್ಜಿ ಹಾಕಿದ ಡೆಟ್ರಾಯಿಟ್ ನಗರಕ್ಕೆ ಬಂದ ಕೆವಿನ್ ಆರ್ ಅವರ ವಾರ್ಷಿಕ 2,75,000 ಡಾಲರ್ ಸಂಬಳವನ್ನು ರಾಜ್ಯವೇ ಕೊಟ್ಟಿತು. ಆದರೆ ವಕೀಲರು, ಸಲಹೆಗಾರರ ಬಿಲ್ಲು 16 ಕೋಟಿ ಡಾಲರಿಗೂ ಮಿಕ್ಕಿತು. ಅದರ ಭಾರ ಮುಖ್ಯವಾಗಿ ಬಿದ್ದದ್ದು ನಗರದ ಮೇಲೆ. ಅದೇ ದಿವಾಳಿಯಲ್ಲಿ ನಗರದ ಸಾಮಾನ್ಯ ನಿವೃತ್ತ ನೌಕರರ ಪಿಂಚಣಿಗೆ ಶೇ. 4.5 ಕಡಿತವಾಯಿತು.

ಸಂಬಳ ರಾಜ್ಯದ್ದಾದ ಮಾತ್ರಕ್ಕೆ ಕಾವಲು ಚೆನ್ನಾಗಿರುತ್ತದೆ ಎನ್ನುವಂತೆಯೂ ಇಲ್ಲ. ಅದೇ ರಾಜ್ಯದ ಫ್ಲಿಂಟ್ ನಗರದಲ್ಲಿ ಇಂಥದೇ ವ್ಯವಸ್ಥಾಪಕರ ಆಡಳಿತದಲ್ಲಿ, ಉಳಿತಾಯದ ಹೆಸರಿನಲ್ಲಿ, 2014ರ ಏಪ್ರಿಲ್‌ನಲ್ಲಿ ಕುಡಿಯುವ ನೀರನ್ನು ಡೆಟ್ರಾಯಿಟಿನ ಬದಲು ಫ್ಲಿಂಟ್ ನದಿಯಿಂದ ಪಡೆಯಲಾಯಿತು. ತಕ್ಕ ಸಂಸ್ಕರಣೆಯಿಲ್ಲದ ನೀರು ಹಳೆಯ ಪೈಪುಗಳ ಸೀಸವನ್ನು ಕರಗಿಸಿ ಮನೆಮನೆಗೆ ತಂದಿತು. 2020ರಲ್ಲಿ ರಾಜ್ಯ ಸರಕಾರ ಪರಿಹಾರಕ್ಕಾಗಿ 60 ಕೋಟಿ ಡಾಲರ್ ಕೊಡಲು ಒಪ್ಪಿತು. ನಗರದ ಜನರು ಆರಿಸಿ ಕಳುಹಿಸಿದ ಸದಸ್ಯರಿಗೆ ಆಗ ಮಾತಿನ ಹಕ್ಕು ಇದ್ದದ್ದೇ ಅಷ್ಟಕ್ಕಷ್ಟೆ.

ಹಾಗಾದರೆ ಯಾರು ಕೊಡಬೇಕು? ಬರ್ಮಿಂಗ್‌ಹ್ಯಾಮಿನ ತಪ್ಪಿಗೆ ಮ್ಯಾಂಚೆಸ್ಟರಿನ ತೆರಿಗೆದಾರ ಏಕೆ ತೆರಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಮೊದಲ ವರ್ಷದ ಬಿಲ್ಲು ನಗರದ್ದು, ನಂತರದ್ದು ಕಳುಹಿಸಿದ ಸರಕಾರದ್ದು ಎಂದು ಮಾಡಿದರೆ ಹೇಗೆ? ಗಲೀಜು ಮಾಡಿದವನು ಮೊದಲ ಗುಡಿಸುವಿಕೆಗೆ ಹಣ ಕೊಡಲಿ. ಆಮೇಲೂ ಕಾವಲುಗಾರ ಅಲ್ಲೇ ಕೂರಬೇಕೋ ಎಂದು ತೀರ್ಮಾನಿಸುವುದು ಸರಕಾರ, ಆದುದರಿಂದ ಅದರ ಬಾಡಿಗೆಯೂ ಸರಕಾರದ್ದೇ ಆಗಲಿ. ಬಿಲ್ಲನ್ನು ತಿಂಗಳು ತಿಂಗಳು ಪ್ರಕಟಿಸಬೇಕು. ಬಾಕಿ ಕೇಳಿದಾಗ 'ಮುಂದಿನ ತಿಂಗಳು' ಎನ್ನುವ ಗಿರಾಕಿಗಳನ್ನು ಕಂಡವರಿಗೆ ಇದರ ಅಗತ್ಯ ಹೇಳಬೇಕಾಗಿಲ್ಲ.

ಆದರೆ ದುಬಾರಿ ವೈದ್ಯನ ಫೀಸಿನ ಜಗಳದಲ್ಲಿ ಅಗ್ಗದ ಔಷಧ ಮರೆತುಹೋಗುತ್ತದೆ. ಬ್ಯಾಂಕುಗಳ ದೊಡ್ಡ ಶಾಖೆಗಳಲ್ಲಿ ಕನ್‌ಕರೆಂಟ್ ಆಡಿಟರು ವರ್ಷವಿಡೀ ವೋಚರು ತಿರುವುತ್ತಿರುತ್ತಾನೆ. ಅವನ ಕಿರಿಕಿರಿ ಯಾರಿಗೂ ಇಷ್ಟವಿಲ್ಲ, ಆದರೆ ಅನೇಕ ತಪ್ಪುಗಳು ಸಣ್ಣದಿರುವಾಗಲೇ ಅವನ ಕೈಗೆ ಸಿಕ್ಕಿಬೀಳುತ್ತವೆ. ಇಂಗ್ಲೆಂಡಿನಲ್ಲಿ ಸ್ಥಳೀಯ ಸಂಸ್ಥೆಗಳ ಲೆಕ್ಕ ನೋಡಲೆಂದೇ ಆಡಿಟ್ ಕಮಿಷನ್ ಇತ್ತು. ಅದನ್ನು ರದ್ದು ಮಾಡುವುದಾಗಿ 2010ರಲ್ಲಿ ಸರಕಾರ ಘೋಷಿಸಿತು, ಹಣ ಉಳಿಯುತ್ತದೆ ಎಂಬುದು ಕಾರಣಗಳಲ್ಲೊಂದು. 2015ರಲ್ಲಿ ಅದಕ್ಕೆ ಬೀಗ ಬಿತ್ತು. ಕೆಲಸ ಖಾಸಗಿ ಲೆಕ್ಕಪರಿಶೋಧಕ ಸಂಸ್ಥೆಗಳ ಪಾಲಾಯಿತು. 2022-23ರ ಲೆಕ್ಕವನ್ನು ವಾಯಿದೆಯೊಳಗೆ ಆಡಿಟ್ ಮಾಡಿಸಿ ಪ್ರಕಟಿಸಿದ ಸ್ಥಳೀಯ ಸಂಸ್ಥೆಗಳು ಶೇ. 1ರಷ್ಟು ಮಾತ್ರ. ಬರ್ಮಿಂಗ್‌ಹ್ಯಾಂ ಕೈಯೆತ್ತಿದ್ದೂ ಆ 2023ರಲ್ಲೇ.

2024ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಹೊಸ ಸರಕಾರ ಸ್ಥಳೀಯ ಸಂಸ್ಥೆಗಳ ಲೆಕ್ಕಪರಿಶೋಧನೆಗೆಂದೇ ಮತ್ತೊಂದು ಪ್ರತ್ಯೇಕ ಕಚೇರಿ ತೆರೆಯುವುದಾಗಿ ಪ್ರಕಟಿಸಿತು.