ಸೇಬಿಗೆ ಕಾಯೋಕೆ ಬರುತ್ತೆ, ನಮ್ಮ ಬಾಳೆಗೆ ಬರಲ್ಲ

ಹೊಸಪೇಟೆಯ ತಳ್ಳುಗಾಡಿಗಳಲ್ಲಿ ಬೇಸಿಗೆಯಲ್ಲೂ ಸೇಬು ಸಿಗುತ್ತೆ. ಎಷ್ಟೋ ಸಲ ಅದನ್ನು ಕೊಯ್ದು ತಿಂಗಳುಗಳೇ ಆಗಿರುತ್ತವೆ. ಪಕ್ಕದ ಗಾಡಿಯ ಕಂಪ್ಲಿ ಬಾಳೆಹಣ್ಣು ಮೂರ್ನಾಲ್ಕು ದಿನಕ್ಕೆ ಕಪ್ಪಾಗುತ್ತೆ. ನಾವು 'ಸೇಬಿಗೆ ಮೇಣ ಹಚ್ತಾರೆ ಬಿಡ್ರಿ' ಅಂದು ಸುಮ್ಮನಾಗ್ತೀವಿ. ಮೇಣ ಹಚ್ಚೋದು ಇದೆ, ಆದರೆ ವಿಷಯ ಅಷ್ಟೇ ಅಲ್ಲ.

ಎರಡೂ ಹಣ್ಣುಗಳು ಎಥಿಲೀನ್ ಎಂಬ ಅನಿಲವನ್ನು ತಾವೇ ತಯಾರಿಸಿಕೊಂಡು ಮಾಗುತ್ತವೆ. ಸ್ವಲ್ಪ ಎಥಿಲೀನ್ ಹುಟ್ಟಿದರೆ ಅದೇ ಇನ್ನಷ್ಟನ್ನು ಹುಟ್ಟಿಸುತ್ತೆ. ನಮ್ಮ ಭಾಷೆಯಲ್ಲಿ ಪಾಸಿಟಿವ್ ಫೀಡ್‌ಬ್ಯಾಕ್. ಸೇಬಿನಲ್ಲಿ ಈ ತಯಾರಿಕೆಗೆ ಬೇಕಾದ ಎಸಿಎಸ್1 ಅನ್ನೋ ಜೀನ್‌ಗೆ ಎರಡು ರೂಪಗಳಿವೆ. ಒಂದರಿಂದ ಎಥಿಲೀನ್ ಕಡಿಮೆ. ಫ್ಯೂಜಿ ತಳಿಗೆ ತಂದೆ-ತಾಯಿ ಎರಡೂ ಕಡೆಯಿಂದ ಆ ಕಡಿಮೆ ರೂಪವೇ ಬಂದಿದೆ, ಹಾಗಾಗಿ ಅದು ಬೇಗ ಮೆತ್ತಗಾಗಲ್ಲ. ಇದು ಗೊತ್ತಿರೋದ್ರಿಂದ ಸಸಿಯ ಎಲೆಯ ಡಿಎನ್‌ಎ ನೋಡಿಯೇ ಆರಿಸಬಹುದು, ಹಣ್ಣು ಬಿಡೋ ತನಕ ವರ್ಷಗಟ್ಟಲೆ ಕಾಯಬೇಕಿಲ್ಲ. ಮೇಲಿಂದ 0 ಡಿಗ್ರಿ ಹತ್ತಿರದ, ಆಕ್ಸಿಜನ್ ಕಡಿಮೆ ಮಾಡಿದ ಕೋಲ್ಡ್ ಸ್ಟೋರೇಜ್.

ಬಾಳೆಗೆ ಈ ಭಾಗ್ಯ ಇಲ್ಲ. 13 ಡಿಗ್ರಿಗಿಂತ ಕೆಳಗೆ ಇಟ್ಟರೆ ಸಿಪ್ಪೆಯೇ ಕಪ್ಪು. ನಾವು ತಿನ್ನೋ ಬಾಳೆಗೆ ಬೀಜ ಇಲ್ಲ, ತಾಯಿ ಗಿಡದ ಕಂದು ತಂದು ನೆಡ್ತಾರೆ, ಅಂದ್ರೆ ಪ್ರತಿ ಗಿಡವೂ ಕಾಪಿ. ಹೊಸ ತಳಿ ಮಾಡೋದು ಬಹಳ ಕಷ್ಟ. ಸೇಬಿನ ಜೀನೋಮ್ 2010ರಲ್ಲಿ ಬಂತು, ಬಾಳೆಯದು 2012ರಲ್ಲಿ. ಓದಿದ್ದು ಎರಡೇ ವರ್ಷ ತಡ, ಆದರೆ ಉಪಯೋಗ ಇನ್ನೂ ಕಂಪ್ಲಿ ಗದ್ದೆಗೆ ಮುಟ್ಟಿಲ್ಲ ಅನ್ನೋದು ನಮ್ಮ ತಕರಾರು.

ಕಾಯೋಕೆ ಆಗದ ಹಣ್ಣಿನ ರೈತ ರೇಟಿಗೂ ಕಾಯೋ ಹಾಗಿಲ್ಲ. ಗೊನೆ ಕಡಿದ ಮೇಲೆ ವ್ಯಾಪಾರಿ ಹೇಳಿದ್ದೇ ಬೆಲೆ. ಆಮೇಲೆ ಬರೋದು ಕಾರ್ಬೈಡ್. ಆರ್ಸೆನಿಕ್ ಅಂಶ ಇರಬಹುದಾದ್ದರಿಂದ ಅದಕ್ಕೆ ನಿಷೇಧ ಇದೆ, ಆದರೂ ನಿಂತಿಲ್ಲ. ಕಾನೂನು ಒಪ್ಪೋದು 100 ಪಿಪಿಎಂ ತನಕದ ಎಥಿಲೀನ್ ಅನಿಲವನ್ನು.

ಜೀನ್ ನಮ್ಮ ಕೈಲಿಲ್ಲ, ಸರಿ. ಆದರೆ 14 ಡಿಗ್ರಿಯ ಒಂದು ರೂಮು, ತೇವಾಂಶದ ಸೆನ್ಸರ್, ಎಥಿಲೀನನ್ನು ತೆಗೆದುಹಾಕೋ ಪೊಟ್ಯಾಶಿಯಂ ಪರ್ಮಾಂಗನೇಟ್ (ಹೌದು, ಪಿಯುಸಿ ಲ್ಯಾಬಲ್ಲಿ ಕೈಗೆ ಕಲೆ ಮಾಡಿದ ಅದೇ ನೇರಳೆ ಪುಡಿ) ಇವೆಲ್ಲ ನಮ್ಮ ಸಿಲಬಸ್ಸೇ. ಪ್ರತಿ ವರ್ಷ ಇನ್ನೊಂದು ಅಟೆಂಡೆನ್ಸ್ ಆ್ಯಪ್ ಯಾರಿಗೆ ಬೇಕು? ಮಿನಿ ಪ್ರಾಜೆಕ್ಟ್‌ಗೆ ಟೀಮ್ ಹುಡುಕ್ತಿರೋರು ಒಂದು ಭಾನುವಾರ ಕಂಪ್ಲಿ ಬಸ್ ಹತ್ತಿ. ತೋಟದಲ್ಲಿ ಸಿಕ್ಕ ಹಿರಿಯರನ್ನ ಕೇಳಿ: ಕಡಿದ ಗೊನೆ ಇನ್ನೂ ಹತ್ತು ದಿನ ಹಸಿರಾಗೇ ಇದ್ರೆ, ಯಾವ ಊರಿನ ಮಾರ್ಕೆಟ್‌ಗೆ ಕಳಿಸ್ತೀರಿ ಅಣ್ಣಾ?