ಓಣಿಯಿಂದ ಸೆಕ್ಟರಿಗೆ

ಬಾಗಲಕೋಟೆಯವರ ಬಾಯಲ್ಲಿ ಇಂದು ‘ಸೆಕ್ಟರ್’ ಎನ್ನುವಷ್ಟು ಬಳಕೆಯ ಇಂಗ್ಲಿಷ್ ಮಾತು ಇನ್ನೊಂದಿರಲಾರದು. ಅದು ಬಹುದೂರ ನಡೆದು ನಮ್ಮಲ್ಲಿಗೆ ಬಂದಿದೆ. ಕತ್ತರಿಸುವುದು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿ, 16ನೇ ಶತಮಾನದಲ್ಲಿ ಇಂಗ್ಲಿಷಿನ ರೇಖಾಗಣಿತ ಸೇರಿ, ವೃತ್ತದ ಎರಡು ತ್ರಿಜ್ಯಗಳ ನಡುವಿನ ತುಂಡಿಗೆ ಹೆಸರಾಯಿತು. ಮೊದಲ ಮಹಾಯುದ್ಧದಲ್ಲಿ ಸೈನಿಕರು ರಣರಂಗದ ಒಂದೊಂದು ಭಾಗವನ್ನು ಹಾಗೆ ಕರೆದರು. 1945ರಲ್ಲಿ ಗೆದ್ದ ನಾಲ್ಕು ದೇಶಗಳು ಬರ್ಲಿನ್ ನಗರವನ್ನು ಹಂಚಿಕೊಂಡದ್ದೂ ಸೆಕ್ಟರುಗಳಾಗಿಯೇ. 1950ರ ದಶಕದಲ್ಲಿ ಲ ಕಾರ್ಬೂಸಿಯೆ ಚಂಡೀಗಢಕ್ಕೆ ನಕ್ಷೆ ಬರೆದಾಗ, ಮನೆ, ಶಾಲೆ, ಅಂಗಡಿಗಳನ್ನು ಒಳಗೊಂಡ ವಸತಿಯ ಘಟಕ ಎಂಬ ಅರ್ಥ ಅದಕ್ಕೆ ಗಟ್ಟಿಯಾಯಿತು.

ನಮ್ಮೂರಿಗೆ ಈ ಪದವನ್ನು ಕರೆತಂದದ್ದು ಕೃಷ್ಣೆಯ ನೀರು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟೆಗೆ ಅಡಿಗಲ್ಲಿಟ್ಟಾಗ ಬರದ ಸೀಮೆಗೆ ಕೊಟ್ಟ ವಚನ ನೀರಾವರಿಯದು. ಮುಳುಗಡೆ ಅದರ ಬೆಲೆ. ಮನೆ ಕಳೆದುಕೊಳ್ಳುವವರಿಗಾಗಿ 1980ರ ದಶಕದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಸೆಕ್ಟರುಗಳ ಹೊಸ ಊರಾದ ನವನಗರದ ವಿನ್ಯಾಸ ರೂಪಿಸಿದರು. 1997ರ ಆಗಸ್ಟ್ 15ರಂದು ಬಾಗಲಕೋಟೆ ಜಿಲ್ಲೆಯೂ ಆಯಿತು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯ ಅಣೆಕಟ್ಟೆಯ 519.60 ಮೀಟರ್ ಎತ್ತರಕ್ಕೆ ಒಪ್ಪಿದ ಮೇಲೆ ಘಟಪ್ರಭೆಯಗುಂಟ ಹಿನ್ನೀರು ಏರಿತು. ಹಳೇ ಊರಿನ ತಗ್ಗಿನ ಓಣಿಗಳು ಬರಿದಾದವು. ಗೋಡೆಗೆ ಗೋಡೆ ಹತ್ತಿಕೊಂಡು ಬಾಳಿದ್ದವರು ಪರಿಹಾರದ ಹಣ, ಹಕ್ಕುಪತ್ರ ಹಿಡಿದು ಬೇರೆಬೇರೆ ಸೆಕ್ಟರುಗಳಿಗೆ ಚದುರಿದರು. ಆ ದಿನಗಳಲ್ಲಿ ಪದದ ಮೂಲಾರ್ಥವೇ ನಮ್ಮ ಪಾಲಿಗೆ ನಿಜವಾಗಿತ್ತು.

ಗಳಿಸಿದ್ದೇನೂ ಕಡಿಮೆಯಲ್ಲ. ಅಗಲ ರಸ್ತೆ, ಜಿಲ್ಲಾಡಳಿತದ ಕಚೇರಿಗಳು, 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಬಂದವು. ಪದವೂ ಮೆತ್ತಗಾಯಿತು. “ಯಾವ ಸೆಕ್ಟರ್‌ನ್ಯಾಗ ಇರ್ತೀರಿ?” ಎಂಬುದೀಗ ಗುರುತು ಬೆಳೆಸುವ ಮಾತು. ಲಗ್ನಪತ್ರಿಕೆಯಲ್ಲಿ ಮನೆತನದ ಹೆಸರಿನ ಕೆಳಗೆ ಸೆಕ್ಟರ್ ನಂಬರು, ಪ್ಲಾಟ್ ನಂಬರು ಅಚ್ಚಾಗುತ್ತವೆ. ನವನಗರದಲ್ಲೇ ಹುಟ್ಟಿದ ಮಕ್ಕಳಿಗೆ ಅದೇ ತವರು. ಆದರೆ ಹೋಳಿ ಬಂತೆಂದರೆ ಹಲಗೆ ಬಾರಿಸುತ್ತ ಬಣ್ಣದ ಬಂಡಿಗಳು ಹೊರಡುವುದು ಇಂದಿಗೂ ಹಳೇ ಊರಿನ ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆಗಳ ಹೆಸರಿನಲ್ಲಿ. ಅಂಕಿಗೆ ವಿಳಾಸ ಹೇಳುವ ಶಕ್ತಿ ಬಂದಿದೆ; ಜನರನ್ನು ಒಂದು ಬಂಡಿಯ ಹಿಂದೆ ಕೂಡಿಸುವ ಶಕ್ತಿ ಇನ್ನೂ ಬಂದಿಲ್ಲ.

2010ರಲ್ಲಿ ಕೃಷ್ಣಾ ಎರಡನೇ ನ್ಯಾಯಾಧಿಕರಣ ಅಣೆಕಟ್ಟೆಯ 524.256 ಮೀಟರ್ ಎತ್ತರಕ್ಕೆ ಸಮ್ಮತಿಸಿತು. ಆ ಎತ್ತರಕ್ಕೆ ನೀರು ನಿಲ್ಲುವ ದಿನ ಇನ್ನಷ್ಟು ಊರುಗಳು ಏಳಬೇಕು. ಪರಿಹಾರದ ಮೊತ್ತ ನ್ಯಾಯವಾಗಿರಲಿ, ಸಕಾಲಕ್ಕೆ ಕೈಸೇರಲಿ. ಅದರ ಜೊತೆಗೆ ಇನ್ನೆರಡು ಕೆಲಸಗಳಿಗೆ ಹೆಚ್ಚಿನ ಹಣ ಬೇಡ, ಮನಸ್ಸು ಸಾಕು: ಒಂದೇ ಓಣಿಯವರಿಗೆ ಒಂದೇ ಕಡೆ ನಿವೇಶನ ಕೊಡಬೇಕು, ಸೆಕ್ಟರಿನ ಫಲಕದ ಮೇಲೆ ಅಂಕಿಯ ಪಕ್ಕದಲ್ಲಿ ಮುಳುಗಿದ ಊರಿನ ಹೆಸರನ್ನೂ ಬರೆಸಬೇಕು.