ಮಳೆ ಬಂದರೆ ಕೆಮ್ಮುವ ಆಂಪ್ಲಿಫೈಯರ್

ಆರಿದ್ರಾ ಮಳೆ ಹಿಡಿದು ನಾಲ್ಕು ದಿನವಾಗಿರುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟದ ಮನೆಗಳಲ್ಲಿ ಉಪ್ಪು ನೀರೊಡೆಯುತ್ತದೆ, ಚಪ್ಪಲಿಗೆ ಬೂಸ್ಟು ಬರುತ್ತದೆ, ಜಗಲಿಯ ಹಳೆಯ ಆಂಪ್ಲಿಫೈಯರ್ ಗೊರಗೊರ ಎನ್ನತೊಡಗುತ್ತದೆ. ಒಮ್ಮೆ ಎಡಗಡೆಯ ಪೆಟ್ಟಿಗೆಯಲ್ಲಿ ಚಟಪಟ, ಒಮ್ಮೆ ಎರಡರಲ್ಲೂ ಮೌನ. ಮೇಲೊಂದು ಗುದ್ದು ಕೊಟ್ಟರೆ ಸರಿ! ‘ಇದಕ್ಕೂ ಶೀತ ಆಯ್ದು ಕಾಣ್ತು’ ಎಂದು ಮನೆಯ ಅಜ್ಜಿ ಹೇಳಿದರೆ ನಗಬೇಕಾಗಿಲ್ಲ. ಕಾಯಿಲೆಯ ಕಾರಣವನ್ನು ಆಕೆ ಅರ್ಧ ಕಂಡುಹಿಡಿದಾಗಿದೆ.

ಹೊಸದು ಕೊಂಡರಾಯಿತು ಎನ್ನುವಂತೆಯೂ ಇಲ್ಲ. ಈ ಸೀಮೆಯ ಎಷ್ಟೋ ಕಪಾಟುಗಳಲ್ಲಿ ತಾಳಮದ್ದಳೆಯ ಕ್ಯಾಸೆಟ್ಟುಗಳಿವೆ. ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ, ಕೆರೆಮನೆ ಶಂಭು ಹೆಗಡೆಯವರು 2009ರಲ್ಲಿ ತೀರಿಕೊಂಡರು. ತಾಳಮದ್ದಳೆಯ ಮಾತು ಬರೆದಿಟ್ಟದ್ದಲ್ಲ, ಆ ರಾತ್ರಿ ಆ ಎದುರಾಳಿಗೆ ಹುಟ್ಟಿದ್ದು. ಊರಿನ ದೇವಸ್ಥಾನದಲ್ಲಿ ಯಾರೋ ಹಿಡಿದಿಟ್ಟ ಟೇಪು ಹೋದರೆ ಆ ವಾದವೂ ಹೋಯಿತು. ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ಯಂತ್ರ ಕೆಮ್ಮಿದರೆ, ಕೆಮ್ಮೂ ಅದರೊಂದಿಗೆ ಶಾಶ್ವತವಾಗುತ್ತದೆ.

ಸದ್ದುಗಳಲ್ಲಿ ಜಾತಿ ಬೇರೆ ಬೇರೆ. ಸದಾ ಕೇಳುವ ತೆಳುವಾದ ‘ಸ್‌ಸ್’ ಸದ್ದಿನ ಒಂದು ಪಾಲು ವಾಹಕದೊಳಗಿನ ಇಲೆಕ್ಟ್ರಾನುಗಳ ಉಷ್ಣ ಚಲನೆಯಿಂದ ಬರುವಂಥದು. 1928ರಲ್ಲಿ ಬೆಲ್ ಪ್ರಯೋಗಾಲಯದ ಜಾನ್ಸನ್ ಅದನ್ನು ಅಳೆದು ತೋರಿಸಿದರು, ನೈಕ್ವಿಸ್ಟ್ ಲೆಕ್ಕ ಒದಗಿಸಿದರು. ಅದಕ್ಕೆ ಮದ್ದಿಲ್ಲ. ಸದಾ ಗುಂಯ್‌ಗುಡುವ ಸದ್ದಾದರೆ, ನಮ್ಮ 50 ಹರ್ಟ್ಸ್ ವಿದ್ಯುತ್ತು ಡಯೋಡುಗಳನ್ನು ದಾಟಿ 100 ಹರ್ಟ್ಸ್ ಏರಿಳಿತವಾದದ್ದನ್ನು ಸಮಮಾಡಬೇಕಾದ ಕೆಪ್ಯಾಸಿಟರ್ ಒಣಗಿರಬಹುದು. ಬಂದು ಹೋಗುವ ಸದ್ದಿಗೆ ಮಾತ್ರ ಬಹುಪಾಲು ಒಂದೇ ಮೂಲ: ಎಲ್ಲೋ ಎರಡು ಲೋಹಗಳು ಮುಟ್ಟಿಯೂ ಮುಟ್ಟದಂತಿವೆ.

ಮಳೆಗಾಲದಲ್ಲಿ 2000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಊರುಗಳಲ್ಲಿ ತೇವ ತಿಂಗಳುಗಟ್ಟಲೆ ಆರುವುದಿಲ್ಲ. ಪ್ಲಗ್ಗಿನ ಹಿತ್ತಾಳೆಗೆ, ಸ್ವಿಚ್ಚಿನ ತಾಮ್ರಕ್ಕೆ ಆಕ್ಸೈಡಿನ ಪೊರೆ ಬರುತ್ತದೆ. ಬೆಳ್ಳಿಯ ಲೇಪ ಕಪ್ಪಿಡುತ್ತದೆ. ಸ್ಪೀಕರಿನ ಬಲವಾದ ವಿದ್ಯುತ್ತು ಈ ಪೊರೆಯನ್ನು ಒಡೆದುಕೊಂಡು ಸಾಗೀತು. ಆದರೆ ಕ್ಯಾಸೆಟ್ ಡೆಕ್ಕಿನಿಂದ ಬರುವ ಒಂದು ವೋಲ್ಟಿಗೂ ಕಡಿಮೆಯ ಸಂಕೇತ ಅಲ್ಲೇ ತಡವರಿಸುತ್ತದೆ. ಇನ್ನೊಂದು ತಮಾಷೆ: ಜೀಪಿನಲ್ಲಿ ಕುಲುಕಾಡಿ ಪೇಟೆಯ ರಿಪೇರಿ ಅಂಗಡಿ ಸೇರುವಷ್ಟರಲ್ಲಿ ಸಡಿಲ ಸಂಪರ್ಕ ತಾನೇ ಕೂತಿರುತ್ತದೆ, ಅಲ್ಲಿಯ ಬೆಚ್ಚಗಿನ ದೀಪದಡಿ ತೇವವೂ ಆರಿರುತ್ತದೆ. ಅಂಗಡಿಯವರು ‘ಏನೂ ಆಗಿಲ್ಲವಲ್ಲ ಹೆಗಡೇರೆ’ ಎಂದು ವಾಪಸು ಕೊಡುತ್ತಾರೆ. ತಪ್ಪು ಅವರದಲ್ಲ.

ಆದ್ದರಿಂದ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಕಾಗದ ಪೆನ್ನು ಹಿಡಿಯಬೇಕು. ಸದ್ದು ಹಚ್ಚಿದ ಕೂಡಲೇ ಬಂದು ಅರ್ಧ ಗಂಟೆಯಲ್ಲಿ ಅಡಗುತ್ತದೆಯೇ? ಹೆಚ್ಚಾಗಿ ತೇವ. ಅರ್ಧ ಗಂಟೆ ಕಾದ ಮೇಲೆ ಶುರುವಾಗುತ್ತದೆಯೇ? ಬಿಸಿಗೆ ಹಿಗ್ಗಿ ಬಿರುಕು ಬಿಡುವ ಬೆಸುಗೆಯನ್ನೋ ಸೋತ ಟ್ರಾನ್ಸಿಸ್ಟರನ್ನೋ ಶಂಕಿಸಬೇಕು. ತೋಟದ ಪಂಪು ಹೊರಟಾಗ ಮಾತ್ರ ಟಪ್ ಎಂದರೆ ರೋಗ ಆಂಪ್ಲಿಫೈಯರಿನದ್ದಲ್ಲ, ಲೈನಿನದ್ದು. ವಾಲ್ಯೂಮ್ ಪೂರ್ತಿ ಇಳಿಸಿದರೂ ಸದ್ದು ಹಾಗೇ ಇದ್ದರೆ ಹುಟ್ಟುವ ಜಾಗ ವಾಲ್ಯೂಮಿನ ಆಚೆ, ಸ್ಪೀಕರಿನ ಕಡೆಗೆ, ಇಳಿದರೆ ಈಚೆ. ಇದೊಂದೇ ಪರೀಕ್ಷೆ ಅರ್ಧ ಯಂತ್ರವನ್ನು ಅನುಮಾನದಿಂದ ಬಿಡಿಸುತ್ತದೆ. ಬಳಿಕ ಯಂತ್ರ ಆರಿಸಿ, ಡೆಕ್ಕಿನಿಂದ ಬರುವ ಎಡ ಬಲದ ಪ್ಲಗ್ಗುಗಳನ್ನು ಅದಲುಬದಲು ಮಾಡಿ ಮತ್ತೆ ಹಚ್ಚಬೇಕು. ಸದ್ದೂ ಪೆಟ್ಟಿಗೆ ಬದಲಿಸಿದರೆ ದೋಷ ಡೆಕ್ಕಿನದ್ದೋ ತಂತಿಯದ್ದೋ. ಇದ್ದಲ್ಲೇ ಇದ್ದರೆ ಆಂಪ್ಲಿಫೈಯರಿನದ್ದೋ ಸ್ಪೀಕರಿನದ್ದೋ.

ಬಹಳಷ್ಟು ಸಲ ಮದ್ದು ಸಣ್ಣದು. ಯಂತ್ರ ಆರಿಸಿ ಪ್ಲಗ್ಗುಗಳನ್ನು ಎಳೆದು, ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಮತ್ತೆ ಹಾಕುವುದು. ವಾಲ್ಯೂಮಿನ ಗುಬಟನ್ನು, ಸೆಲೆಕ್ಟರ್ ಸ್ವಿಚ್ಚನ್ನು ಇಪ್ಪತ್ತು ಮೂವತ್ತು ಸಲ ತಿರುಗಿಸುವುದು. ತಿರುಗಿಸುವಾಗಷ್ಟೇ ಕರಕರ ಎಂದರೆ ಸಂಪರ್ಕ ಶುಚಿಗೊಳಿಸುವ ಸ್ಪ್ರೇ ಬೇಕು. ಕೊಬ್ಬರಿ ಎಣ್ಣೆ ಬೇಡವೇ ಬೇಡ. ಎಣ್ಣೆಗೆ ಧೂಳು ಅಂಟಿ ಮುಂದಿನ ಮಳೆಗಾಲಕ್ಕೆ ಗಂಜಿಯಾಗುತ್ತದೆ.

ಹಚ್ಚಿ ಎರಡು ಮೂರು ಸೆಕೆಂಡಿಗೆ ಒಳಗೆ ‘ಟಕ್’ ಎನ್ನುವುದು ಸ್ಪೀಕರ್ ಕಾಯುವ ರಿಲೇ. ಸಣ್ಣ ದನಿಯಲ್ಲಿ ಮಸುಕಾಗಿದ್ದು, ಜೋರು ಮಾಡಿದೊಡನೆ ಸ್ಪಷ್ಟವಾದರೆ ಅದರ ಮುಖ ಕಪ್ಪಾಗಿದೆ. ಹೋಂ ಥಿಯೇಟರಿನ ಪ್ರೊಸೆಸರುಗಳಲ್ಲಿ ಇದರೊಂದಿಗೆ ಹಲಗೆಗಳನ್ನು ಕೂಡಿಸುವ ಪಟ್ಟಿತಂತಿಗಳ ತುದಿಯನ್ನೂ ನೋಡಬೇಕು. ಆದರೆ ಮುಚ್ಚಳ ತೆಗೆಯುವ ಕೆಲಸ ಬಲ್ಲವರದು. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪ್ಯಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. ಬಲ್ಲವರು ಒಣ ಬಿದಿರಿನ ಕಡ್ಡಿಯಿಂದ ಹಲಗೆಯನ್ನು ಮೆಲ್ಲಗೆ ತಟ್ಟುತ್ತ ಹೋಗುತ್ತಾರೆ. ಸದ್ದು ಎದ್ದ ಕಡೆ ಭೂತಗನ್ನಡಿ ಹಿಡಿದರೆ ಬೆಸುಗೆಯ ಸುತ್ತ ಕೂದಲೆಳೆಯ ಬಿರುಕು ಕಾಣುತ್ತದೆ. ಊರಿನವರು ಕೊಡುತ್ತಿದ್ದ ಗುದ್ದಿನ ಶಾಸ್ತ್ರೀಯ ರೂಪವೇ ಇದು!

ಕಸೂತಿ ಬಟ್ಟೆ ಹೊದಿಸುವ ಪ್ರೀತಿಯೂ ಒಳ್ಳೆಯದಲ್ಲ. ಶಾಖ ಹತ್ತು ಡಿಗ್ರಿ ಏರಿದರೆ ಇಲೆಕ್ಟ್ರೊಲಿಟಿಕ್ ಕೆಪ್ಯಾಸಿಟರಿನ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ. ಬಟ್ಟೆಯನ್ನು ಯಂತ್ರ ಆರಿ ತಣಿದ ಮೇಲೆ ಹೊದಿಸಬಹುದು. ಮಳೆಗಾಲದಲ್ಲಿ ಬಳಸದಿದ್ದರೂ ವಾರಕ್ಕೊಮ್ಮೆ ಒಂದು ಗಂಟೆ ಹಚ್ಚಿಡಬೇಕು, ಗುಡುಗಿದಾಗ ಪ್ಲಗ್ಗನ್ನೇ ಕೀಳಬೇಕು. ಕ್ಯಾಸೆಟ್ ಇಳಿಸುವ ಕೆಲಸಕ್ಕೆ ಮಾತ್ರ ದೀಪಾವಳಿ ಕಳೆದು ಗಾಳಿ ಒಣಗಲಿ. ಟೇಪಿಗೆ ಬೂಸ್ಟು ಹಿಡಿದಿದ್ದರೆ ಡೆಕ್ಕಿಗೆ ಹಾಕುವುದೇ ಬೇಡ. ಹೆಡ್ಡಿಗಂಟಿದ ಬೂಸ್ಟು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ.